ಕಡೆಯ ಇಪ್ಪತ್ತು ಗಜ

ಮತ್ತೆ ತೇಗಿದ ನಮ್ಮ ಕಚೇರಿಯ ಹಣಮಯ್ಯ, ಪೂರಿಯ ತೇಗು, ಅದರ ಬೆನ್ನಿಗೇ ಮಿರ್ಚಿಯ ಖಾರದ ವಾಸನೆ, ನನ್ನ ಎಡಗಿವಿಯ ಪಕ್ಕದಲ್ಲೇ — ಹತ್ತು ಗಂಟೆಗೆ ನಿರಾಹಾರ ದೀಕ್ಷೆಗೆ ಕೂರಬೇಕಾದವನು ಒಂಬತ್ತೂವರೆಗೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಎರಡನೇ ತಟ್ಟೆ ಪೂರಿ ತರಿಸಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ, ಸಂಜಿ ಐದರ ತನಕ ತಡೀಬೇಕಲ್ರಿ ಸಾಹೇಬ್ರ ಅಂತ ಹಲ್ಲು ಕಿರಿದ, ಏಳು ತಾಸಿನ ಉಪವಾಸಕ್ಕೆ ಏನು ಸಿದ್ಧತೆ, ಏನು ಸಿದ್ಧತೆ! ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಸಕಲ ಜನರ ಮುಷ್ಕರ ಶುರುವಾಗಿ ಇವತ್ತಿಗೆ ಮೂವತ್ತೊಂದು ದಿನ, ಬಸ್ಸಿಲ್ಲ, ಶಾಲೆಯಿಲ್ಲ, ಕಚೇರಿಗೆ ಬೀಗ, ಜಹೀರಾಬಾದಿನ ಹೆದ್ದಾರಿ ಪಕ್ಕ ಈ ಡೇರೆ, ದಿನಕ್ಕೊಂದು ಕಚೇರಿಯ ಸರದಿ, ಮೊನ್ನೆ ಮಾಸ್ತರರು, ನಿನ್ನೆ ನೀರಿನವರು, ಇವತ್ತು ನಾವು. ತೆಲಂಗಾಣ ಬರಲಿ, ಬರಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ, ಆದರೆ ಹಣಮಯ್ಯನ ತೇಗಿನಿಂದ ಬರುತ್ತದೆಯೇ? ಪಸ್ತಾಪುರದ ಹೆಂಗಸರು ಬಂದು ಕೂತ ದಿನ ನೋಡಬೇಕಿತ್ತು, ನವಣೆ ಸಜ್ಜೆ ಬೆಳೆಯುವ ಸಂಘದವರು, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಹಾಡಿದರು, ಐದಕ್ಕೆ ನಮ್ಮ ನೌಕರರ ಸಂಘದ ಕಾರ್ಯದರ್ಶಿ ಪ್ರಮೋದ ನಿಂಬೆ ಶರಬತ್ತು ಹಿಡಿದು ಹೋದರೆ ನಮಗ ಬ್ಯಾಡಪ್ಪ, ಮನಿಗಿ ಹೋಗಿ ರೊಟ್ಟಿ ಬಡಕೊಂಡು ಉಣ್ತೀವಿ ಅಂತ ಎದ್ದು ಹೋದರು, ಆ ಶರಬತ್ತು ಕುಡಿದವರು ನಮ್ಮ ಕಚೇರಿಯವರೇ, ಅವತ್ತು ಉಪವಾಸವೇ ಇಲ್ಲದವರು. ಚೆಂಡುಹೂವಿನ ಹಾರ ಕೊರಳಿಗೆ ತುರಿಸುತ್ತಿದೆ, ತೆಗೆಯುವಂತಿಲ್ಲ, ನಾಲ್ಕಕ್ಕೆ ನನ್ನ ಭಾಷಣ, ಈ ಧಾರೂರಿನ ಪ್ರಮೋದ, ಮೈಕು ಕಂಡರೆ ಮೈಮರೆಯುವವನು, ನನ್ನ ಹಿಂದೆ ನನ್ನದೇ ಫ್ಲೆಕ್ಸು ಕಟ್ಟಿಸಿದ್ದಾನೆ — ಹನ್ನೆರಡು ವರ್ಷದ ಹಿಂದಿನ ಫೋಟೋ, ಪಕ್ಕದಲ್ಲಿ ಒಂದು ಟ್ಯಾಂಕು, ಮೇಲೊಂದು ವಿಮಾನ, ಆ ಬೆಟ್ಟದಲ್ಲಿ ಟ್ಯಾಂಕು ಎಲ್ಲಿತ್ತು, ಹೇಸರಗತ್ತೆ ಹತ್ತುವುದೇ ಕಷ್ಟವಿತ್ತು, ಕೆಳಗೆ ತೆಲುಗಿನಲ್ಲಿ ದಪ್ಪ ಅಕ್ಷರ, ಕಾರ್ಗಿಲ್ ವೀರ ಮುಕುಂದರಾವ್, ಕಾಲಿಗೆ ಗುಂಡು ಬಿದ್ದರೂ ಗೆಳೆಯನನ್ನು ಸಾವಿನ ಬಾಯಿಂದ ಎಳೆದು ತಂದವನು. ಆ ಗೆಳೆಯನ ಹೆಂಡತಿ ಡೇರೆಯ ಆ ತುದಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕ ಎರಡು ತಾಸಿನಿಂದ ಕೂತಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ.

ಧಮ್ಮಶೀಲಾ. ಎರಡು ಗಂಟೆಗೆ ಬಂದಳು, ನಾರಾಯಣಖೇಡದ ಆಚೆಯ ಹಳ್ಳಿಯಿಂದ, ಬಸ್ಸಿಲ್ಲದ ದಿನ, ಒಂದಿಷ್ಟು ದೂರ ಶೇರ್ ಆಟೋ, ಒಂದಿಷ್ಟು ದೂರ ಯಾರದೋ ಟ್ರ್ಯಾಕ್ಟರು, ಉಳಿದದ್ದು ನಡಿಗೆ, ಹಿಮ್ಮಡಿಯ ತನಕ ಕೆಂಪು ಧೂಳು, ನಾನು ದೂರದಿಂದಲೇ ಗುರುತು ಹಿಡಿದು ಮುಖ ಆಚೆ ತಿರುಗಿಸಿದೆ, ಕಾರ್ಗಿಲ್ ವೀರ ಹೆಂಗಸಿನ ಕಣ್ಣು ತಪ್ಪಿಸಿದ, ಅವಳು ಬಂದೇ ಬಂದಳು. ಅಣ್ಣಾರ, ಅವರು ಉಣ್ಣಾಕ ಒಲ್ಲರಿ ಅಂದಳು. ಯಾರು ಅಂದೆ, ಗೊತ್ತಿದ್ದೂ. ನಮ್ಮ ಮನಿಯವರ್ರಿ, ಐತಾರದಿಂದ ಒಂದ್ ತುತ್ತು ಬಾಯಾಗ ಇಟ್ಟಿಲ್ಲ, ಬರೇ ನೀರು, ಗ್ವಾಡೀಗಿ ಮಾರಿ ಮಾಡಿ ಮಲಗ್ಯಾರ, ಇವತ್ತ ಮುಂಜಾನಿ ಎಬ್ಬಿಸಿ ಕುಂದ್ರಸಾಕ ಹೋದ್ರ ಕುತ್ತಿಗಿ ನಿಲ್ಲವಲ್ದು. ಐತಾರ, ಸೋಮವಾರ, ಮಂಗಳವಾರ, ಬುಧವಾರ, ಇವತ್ತು ಗುರುವಾರ — ನಾನು ಬೆರಳು ಎಣಿಸಿದೆ, ಹಾರ ಹಾಕಿಕೊಂಡು ಉಪವಾಸದ ಡೇರೆಯಲ್ಲಿ ಕೂತು ಇನ್ನೊಬ್ಬನ ಉಪವಾಸವನ್ನು ಬೆರಳಲ್ಲಿ ಎಣಿಸಿದೆ. ಏನಾತು ಅಂದೆ. ಖೇಡದಾಗ ಡೇರೇಕ ಹೋಗಿದ್ರು ಅಣ್ಣಾರ, ನಾನೂ ಫೌಜಿನಾಗ ಇದ್ದವ, ನಾನೂ ಕುಂಡ್ರತೀನಿ ಅಂತ, ಮುಂದಿನ ಸಾಲಿನ್ಯಾಗ ಕುಂತಿದ್ರಂತ, ಅಲ್ಲಿ ಪೋರಗೋಳು ಅಂದ್ರಂತ, ಬೆನ್ನಿಗಿ ಗುಂಡು ತಿಂದವ ಹಿಂದ ಕುಂಡ್ರಬೇಕು, ಪೊಲೀಸರು ಬಂದ್ರ ಮೊದಲ ಓಡಾಂವ ನೀನೇ ಅಂತ, ಎಲ್ಲಾರೂ ನಕ್ಕರಂತ, ಎದ್ದು ಬಂದ್ರು, ಬಂದವರು ಚಪ್ಪಲಿ ಸುದ್ದಾ ಬಿಡಲಾರದ ಹಾಸಿಗಿ ಮ್ಯಾಲ ಬಿದ್ದರು. ಅವಳು ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ನಾಲ್ಕಕ್ಕ ನೀವು ಮಾತಾಡತೀರಿ ಅಂದ್ರು, ಆ ಟೀವಿಯವರು ಹಿಡೀತಾರ, ಸಂಜಿಗಿ ನಮ್ಮ ಖೇಡದಾಗೂ ಬರ್ತದ, ಓಡಿಲ್ಲ ಅಂತ ಒಂದ್ ಮಾತು ಅಂದುಬಿಡ್ರಿ ಅಣ್ಣಾರ, ನೀವು ಅವರ್ನ ಎಳಕೊಂಡು ಬಂದವರು, ನಿಮ್ಮ ಮಾತು ಎಲ್ಲಾರೂ ನಂಬ್ತಾರ, ಅವರೂ ಕೇಳಿ ಉಣ್ತಾರ. ಸೆರಗಿನ ತುದಿ ಹಿಡಿದುಕೊಂಡು, ಓಡಿಲ್ಲ, ಹೌದಿಲ್ರಿ? ಅಂದಳು. ಕೇಳಿದಳು! ಹನ್ನೆರಡು ವರ್ಷ ಅವನ ಜತೆ ಬಾಳ್ವೆ ಮಾಡಿ, ಆ ಬೆನ್ನಿಗೆ ಎಣ್ಣೆ ತಿಕ್ಕಿ, ಆ ಎರಡು ಗುಳಿಗಳ ಮೇಲೆ ಕೈಯಾಡಿಸಿ, ಕಡೆಗೆ ನನ್ನನ್ನು ಕೇಳಿದಳು. ನಾನು ಏನು ಹೇಳಿದೆ — ನೋಡೋಣ ಅಂದೆ. ಕಚೇರಿಯಲ್ಲಿ ಅರ್ಜಿ ಹಿಡಿದು ಬಂದವರಿಗೆ ಹೇಳುವಂತೆ ಹೇಳಿದೆ.

ಅವಳು ನನಗೆ ಋಣಿ, ಅದೇ ತಮಾಷೆ, ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಕೈಚೀಲದಲ್ಲಿ ತೊಗರಿ ಬೇಳೆ ಕಳಿಸುತ್ತಾಳೆ, ತಾಂಡೂರಿನ ತವರಿನಿಂದ ತಂದದ್ದು, ಆ ಮಣ್ಣಿನ ತೊಗರಿಯ ರುಚಿ ಬೇರೆ ಕಡೆ ಇಲ್ಲ, ಗಂಡನ ಜೀವ ಉಳಿಸಿದ ಅಣ್ಣನಿಗೆ. ನಮ್ಮವ್ವ ರುಕ್ಮಿಣೀಬಾಯಿ ಮೊದಲ ವರ್ಷ ಆ ಚೀಲವನ್ನು ಹೊರಗಿನ ಕಟ್ಟೆಯ ಮೇಲೇ ಇಟ್ಟಳು, ಎರಡು ದಿನ ಬಿಸಿಲಿಗೆ ಹಾಕಿದಳು, ಹುಳಾ ಆಗಬಾರದಲ್ಲಪ್ಪ ಅಂದಳು, ಹುಳವಲ್ಲ ಅವ್ವ, ಯಾರ ಮನೆಯದು ಅಂತ ನಿನಗೆ ಗೊತ್ತು, ನನಗೂ ಗೊತ್ತು, ಬಿಸಿಲಿಗೆ ಜಾತಿ ಒಣಗುತ್ತದೆ ಅಂತ ನಿನ್ನ ಲೆಕ್ಕ — ಮೂರನೆಯ ದಿನ ಬೇಯಿಸಿದಳು, ಹಿಂಗಿನ ಒಗ್ಗರಣೆ ಕೊಟ್ಟಳು, ರುಚಿ ಆಗ್ಯದ ನೋಡು ಅಂದಳು, ಈಗ ಜನವರಿ ಬಂದರೆ ಬ್ಯಾಳಿ ಬರಲಿಲ್ಲೇನು ಅಂತ ತಾನೇ ಕೇಳುತ್ತಾಳೆ. ಇವತ್ತು ಬೆಳಿಗ್ಗೆ ನಾನು ಡೇರೆಗೆ ಬರುವ ಮೊದಲು ಉಂಡದ್ದೂ ಅದೇ ಬೇಳೆ, ಎರಡು ರೊಟ್ಟಿ, ಹಣಮಯ್ಯನನ್ನು ನೋಡಿ ನಗಲು ನನಗೇನು ಹಕ್ಕು, ಅವನು ಪೂರಿ ತಿಂದ, ನಾನು ಅವಳ ಗಂಡ ಧಮ್ಮಪಾಲನ ಅನ್ನ ತಿಂದೆ, ಉಣ್ಣದೆ ಮಲಗಿದವನ ಅನ್ನ. ಸುಳ್ಳು ನಾನು ಹೇಳಲಿಲ್ಲ. ಇದನ್ನು ನೂರು ಸಲ ನನಗೇ ಹೇಳಿಕೊಂಡಿದ್ದೇನೆ, ನಾನು ಒಂದು ಅಕ್ಷರ ಸುಳ್ಳು ಹೇಳಲಿಲ್ಲ, ಕೆಳಗೆ ಬಂಡೆಯ ಮರೆಯಲ್ಲಿದ್ದ ನಮ್ಮವರು ಕಂಡದ್ದನ್ನು ಹೇಳಿದರು, ಅವರು ಕಂಡದ್ದು ಕಡೆಯ ಇಪ್ಪತ್ತು ಗಜ ಮಾತ್ರ, ಬೆಳಗಿನ ಮಂಜಿನಲ್ಲಿ ಅದಕ್ಕಿಂತ ಮೇಲೆ ಏನೂ ಕಾಣುತ್ತಿರಲಿಲ್ಲ — ಧಮ್ಮಪಾಲ ಬೋರಲು ಬಿದ್ದಿದ್ದಾನೆ, ಎಚ್ಚರವಿಲ್ಲ, ಬೆನ್ನಿನಲ್ಲಿ ಎರಡು ಗುಂಡು, ನಾನು ತೊಡೆಯಿಂದ ರಕ್ತ ಸುರಿಯುತ್ತಿದ್ದರೂ ಅವನ ಕಾಲರ್ ಹಿಡಿದು ತೆವಳುತ್ತ ತೆವಳುತ್ತ ಎಳೆದು ತರುತ್ತಿದ್ದೇನೆ, ಕಂಡವರು ಕಣ್ಣೀರು ಹಾಕಿದರು, ಮೇಲಿನವರಿಗೆ ಬರೆದರು, ಒಂದು ಹೊಗಳಿಕೆಯ ಪತ್ರ ಬಂತು, ನಮ್ಮಪ್ಪ ರಾಮಚಂದ್ರ ಮಾಸ್ತರ ಅದಕ್ಕೆ ಚೌಕಟ್ಟು ಹಾಕಿಸಿದ, ಪೇಪರಿನವರನ್ನು ಕರೆದು ಚಹಾ ಕುಡಿಸಿದ, ಸಾಯುವ ತನಕ ಅದರ ಗಾಜು ಒರೆಸಿದ. ಎಳೆದೆನೇ ನಾನು? ನನ್ನ ಬೆರಳು ಬಿಚ್ಚಿಕೊಳ್ಳಲಿಲ್ಲ, ಅಷ್ಟೆ. ಅವನು ನನ್ನನ್ನು ಎದೆಗೆ ಅವಚಿಕೊಂಡು ಇಳಿಯುತ್ತಿದ್ದಾಗ ನಾನು ಎರಡೂ ಕೈಯಿಂದ ಆ ಕಾಲರನ್ನು ಹಿಡಿದಿದ್ದೆ, ಅವನು ಬಿದ್ದ ಮೇಲೂ ಒಂದು ಕೈ ಹಾಗೇ ಹಿಡಿದಿತ್ತು, ಸೆಟೆದುಹೋಗಿತ್ತು, ನಾನು ನನ್ನ ಜೀವ ಹಿಡಿದು ಬಂಡೆಯ ಕಡೆ ತೆವಳಿದೆ, ಬಿಡಿಸಿಕೊಳ್ಳಲು ನೋಡಿದೆ, ಬರಲಿಲ್ಲ, ಅವನು ನನ್ನ ಹಿಂದೆ ಬಂದ. ಬೆರಳು ಬಿಚ್ಚಿದ್ದರೆ ಅವನನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ.

ಹೊತ್ತು ತಂದವನು ಅವನು. ಎಲ್ಲರೂ ಕೆಳಗಿಳಿದು ಬಂಡೆಯ ಮರೆ ಸೇರಿದ ಮೇಲೆ, ಹಿಂದೆ ಉಳಿದವನು ನಾನೊಬ್ಬನೇ ಅಂತ ಗೊತ್ತಾದ ಮೇಲೆ, ಯಾರೂ ಹೇಳದೆ ಕೇಳದೆ ಮತ್ತೆ ಬೆಟ್ಟ ಹತ್ತಿ ಬಂದ ಮಡ್ಡ, ಬಂದದ್ದೂ ಬಂದು ಏನಂದ, ಲೇ ಮುಕುಂದಾ, ಇಲ್ಲೇನ್ ಮಾಡ್ಲಿಕ್ಕತ್ತಿ, ಏಳು ಅಂದ, ಬೆಳಗಿನ ಚಹಾಕ್ಕೆ ಎಬ್ಬಿಸಿದ ಹಾಗೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೈನ್ಯದ ಭರ್ತಿಯ ಸಾಲಿನಲ್ಲಿ ಸಿಕಂದರಾಬಾದಿನ ಬಿಸಿಲಿನಲ್ಲಿ ನಾನು ಬಾಯಾರಿ ನಿಂತಾಗ ತನ್ನ ಬಾಟಲಿ ಕೊಟ್ಟವನೂ ಅವನೇ, ಕನ್ನಡ ಬರ್ತದೇನು ನಿನಗ, ನಮ್ಮ ಕಡಿಯವ ಇದ್ದಿ ಹಂಗಾದ್ರ ಅಂತ ಖುಷಿಪಟ್ಟ, ನಾನು ನೀರು ಕುಡಿಯುವಾಗ ಬಾಟಲಿಯ ಬಾಯಿಗೆ ತುಟಿ ತಾಗಿಸದೆ ಎತ್ತಿ ಕುಡಿದೆ, ಅವನು ನೋಡಿದ, ಏನೂ ಅನ್ನಲಿಲ್ಲ, ಅನ್ನುವವನೇ ಅಲ್ಲ, ಅದೇ ಅವನ ಸೊಕ್ಕು. ಹತ್ತನೇ ಕ್ಲಾಸು ಮುಗಿಸಿ ಮೂರು ವರ್ಷ ತಾಂಡೂರಿನ ಕಲ್ಲಿನ ಗಣಿಯಲ್ಲಿ ಫರಸಿ ಚಪ್ಪಡಿ ಹೊತ್ತಿದ್ದನಂತೆ, ಭುಜ ಬಾಗಿಲ ಚೌಕಟ್ಟಿನಷ್ಟು, ನಾನು ಇಂಟರ್ ಎರಡು ಸಲ ಫೇಲಾಗಿ ಅಪ್ಪನ ಮುಖ ನೋಡಲಾಗದೆ ಓಡಿ ಬಂದವನು, ಆದರೂ ಮಾಸ್ತರರ ಮಗ, ದಂಡಿನಲ್ಲಿಯೂ ನಾನು ಅವನ ಪಕ್ಕ ಉಣ್ಣಲು ಕೂತಾಗ ಉಪಕಾರ ಮಾಡಿದವನ ಹಾಗೆ ಕೂರುತ್ತಿದ್ದೆ. ಆಸ್ಪತ್ರೆಯಲ್ಲಿ ಐದು ದಿನಕ್ಕೆ ಅವನಿಗೆ ಎಚ್ಚರವಾಯಿತು, ಅಷ್ಟರಲ್ಲಿ ನಾನು ವೀರನಾಗಿದ್ದೆ, ಪಕ್ಕದ ಹಾಸಿಗೆಯವರೆಲ್ಲ ಅವನಿಗೆ ನನ್ನನ್ನು ತೋರಿಸಿ, ಇವನೇ ನಿನ್ನನ್ನು ಎಳೆದು ತಂದವನು ಅಂದರು, ಹಿಂದಿಯಲ್ಲಿ, ಈಗ ಹೇಳುತ್ತಾನೆ, ಈಗ ಬಾಯಿ ಬಿಡುತ್ತಾನೆ — ಅವನು ಬೋರಲು ಮಲಗಿದ್ದಲ್ಲಿಂದಲೇ ಒಂದು ಕಣ್ಣಿನಿಂದ ನನ್ನ ಕಡೆ ನೋಡಿದ, ಕಾಲು ಉಳೀತೇನು? ಅಂದ. ಉಳೀತು ಅಂದೆ. ಆತು ಬಿಡು ಅಂದ. ಮುಗಿಯಿತು, ಅಲ್ಲಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ, ಊರಲ್ಲಿ ಬೆನ್ನಿನ ಗುಂಡಿನವ ಅಂದರೂ ಇಲ್ಲ, ಹೆಂಡತಿಗೂ ಹೇಳಿಲ್ಲ ಅಂತ ಇವತ್ತು ಗೊತ್ತಾಯಿತು. ಒಂದು ಸಲ ಬೈದಿದ್ದರೆ ಏನಾಗುತ್ತಿತ್ತು? ಜಹೀರಾಬಾದಿಗೆ ಬಂದು ನನ್ನ ಮನೆಯ ಮುಂದೆ ನಿಂತು ಲೇ ಕಳ್ಳ ಅಂತ ಒದರಿದ್ದರೆ ನಾನೂ ಜಗಳ ಮಾಡಿ, ಅತ್ತು, ಕಾಲಿಗೆ ಬಿದ್ದು ಹಗುರಾಗುತ್ತಿದ್ದೆ, ಆ ಅವಕಾಶವನ್ನೇ ಕೊಡಲಿಲ್ಲ. ಸುಮ್ಮನಿದ್ದು ಸುಮ್ಮನಿದ್ದು ನನ್ನನ್ನು ಇಷ್ಟು ಸಣ್ಣವನನ್ನಾಗಿ ಮಾಡಿದ, ಈಗ ಸುಮ್ಮನೆ ಮಲಗಿ ಸಾಯಲು ಹೊರಟಿದ್ದಾನೆ.

ಅದಕ್ಕೇ ನಾನು ನನಗೊಂದು ಆಸರೆ ಕಟ್ಟಿಕೊಂಡಿದ್ದೆ. ಅವನದು ಶೌರ್ಯವಲ್ಲ, ರೂಢಿ. ದಂಡಿನಲ್ಲಿ ಗಾಯಗೊಂಡವನನ್ನು ಬೆನ್ನ ಮೇಲೆ ಹಾಕಿಕೊಂಡು ಬರಬೇಕು ಅಂತ ಕಲಿಸಿದ್ದರು, ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಹೊತ್ತು ಮೈದಾನ ಸುತ್ತಿದ್ದೇವೆ, ಇವನು ನನ್ನನ್ನು ಎದೆಗೆ ಅವಚಿ ಯಾಕೆ ತಂದ, ಕಲ್ಲು ಹೊತ್ತ ಕೂಲಿಯವನು, ತಾಂಡೂರಿನಲ್ಲಿ ಫರಸಿಯನ್ನು ಹಾಗೇ ಎದೆಗೆ ಒತ್ತಿ ಹಿಡಿದು ಒಯ್ಯುತ್ತಾರೆ, ಕೈಗೆ ಬಂದ ರೂಢಿ ಹೊತ್ತಿಗೆ ಬಂತು, ಗುಂಡು ಬೆನ್ನಿಗೆ ಬಿತ್ತು, ಅದರಲ್ಲಿ ದೊಡ್ಡದೇನು, ನನ್ನ ಕಡೆಯಿಂದ ಅವನಿಗೆ ಸಲ್ಲಬೇಕಾದ್ದೇನು — ಹನ್ನೆರಡು ವರ್ಷ ಇದನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಮಾಡಿದ್ದೇನೆ, ತಾಂಡೂರಿನ ಗಣಿಯನ್ನು ಒಂದು ದಿನವೂ ಕಣ್ಣಿಂದ ನೋಡಿದವನಲ್ಲ, ಅಲ್ಲಿಯ ಫರಸಿಯ ಮೇಲೆ ನಡೆದಿದ್ದೇನೆ, ಅಷ್ಟೆ, ನಮ್ಮ ಕಚೇರಿಯ ನೆಲ ಪೂರ್ತಿ ಅದೇ. ಇವತ್ತು ಅವಳು ಎದುರಿಗೆ ನಿಂತಾಗ ಅದನ್ನು ಗಟ್ಟಿ ಮಾಡಿಕೊಳ್ಳಬೇಕು ಅನ್ನಿಸಿತು, ಅವಳ ಕಷ್ಟ ಕೇಳುವುದು ಬಿಟ್ಟು ನನ್ನ ದಿಂಬು ಸರಿ ಮಾಡಿಕೊಳ್ಳಲು ಹೊರಟೆ, ನೀವೂ ತಾಂಡೂರಿನವರೇ ಅಲ್ಲೇನ್ರಿ ವೈನಿ, ಕಲ್ಲು ಹೊರೂದು ನೋಡಿರಬೇಕು ಅಂದೆ. ನೋಡೂದೇನ್ರಿ, ನಾನೂ ಹೊತ್ತೀನಿ, ಲಗ್ನಕ್ಕ ಮೊದಲ ನಾಕು ವರ್ಷ ಅಂದಳು. ಹಂಗಾದ್ರ ಫರಸಿ ಎದೀಗಿ ಹಿಡಕೊಂಡ ಒಯ್ತಾರಲ್ಲ, ಹೌದಿಲ್ಲ? ಅವಳಿಗೆ ನಾನು ಯಾಕೆ ಕೇಳುತ್ತಿದ್ದೇನೆ ಅಂತ ತಿಳಿಯಲಿಲ್ಲ, ಆದರೂ ಕೇಳಿದ್ದಕ್ಕೆ ಹೇಳಬೇಕಲ್ಲ, ದೊಡ್ಡವರು ಕೇಳಿದ್ದಾರಲ್ಲ, ಇಲ್ರಿ ಅಣ್ಣಾರ, ಎದೀಗಿ ಯಾರ್ ಹಿಡೀತಾರ, ಎದೀಗಿ ಹಿಡಿದ್ರ ಕಾಲಾಗಿಂದು ಕಾಣಂಗಿಲ್ಲ, ಗಣ್ಯಾಗ ಹೆಜ್ಜಿ ತಪ್ಪಿದ್ರ ಕಲ್ಲಿನ ಸಂಗಾಟ ತಳಕ್ಕ, ಬೆನ್ನ ಮ್ಯಾಲೇ ಹೊರೂದು, ಗೋಣಿಚೀಲ ಮಡಿಚಿ ಹಾಕ್ಕೊಂಡು, ಇವರದು ಬೆನ್ನು ಕಲ್ಲಿಗೇ ಹುಟ್ಟಿದ ಬೆನ್ನು ಅಂತ ನಮ್ಮಪ್ಪ ಅಂತಿದ್ದ, ಎಂಥಾ ಫರಸಿ ಇದ್ರೂ ಬೆನ್ನಿಗಿ ಕೊಟ್ಟು ಇಳದು ಬರತಿದ್ರು. ಹೇಳುತ್ತ ಸಣ್ಣಗೆ ನಕ್ಕಳು, ಇವತ್ತು ಅವಳು ನಕ್ಕದ್ದು ಅದೊಂದೇ ಸಲ, ನಕ್ಕು ಹೋಗಿ ಡ್ರಮ್ಮಿನ ಪಕ್ಕ ಕೂತಳು. ನೀರು ಕುಡೀರಿ ಅಂತ ಯಾರೋ ಲೋಟ ಕೊಟ್ಟರೆ ಬ್ಯಾಡ ಅಂದಳು.

ಬೆನ್ನಿಗೇ ಹೊರುವುದು. ಹಾಗಾದರೆ ರೂಢಿಯೂ ಬೆನ್ನೇ, ಕಲಿಸಿದ್ದೂ ಬೆನ್ನೇ. ಹೌದು, ಬೆನ್ನ ಮೇಲೆಯೇ ಎತ್ತಿದ್ದ, ಮೊದಲು. ಇದನ್ನು ನಾನು ಮರೆತಿರಲಿಲ್ಲ, ಮರೆಯುವುದು ಅಷ್ಟು ಸುಲಭವಾಗಿದ್ದರೆ ನನ್ನಂಥವರು ಎಷ್ಟು ಸುಖವಾಗಿರುತ್ತಿದ್ದರು, ಅದರ ಕಡೆ ನೋಡುತ್ತಿರಲಿಲ್ಲ ಅಷ್ಟೆ — ಏಳು ಅಂದ, ಬಗ್ಗಿದ, ನನ್ನ ಎರಡೂ ಕೈ ತನ್ನ ಕೊರಳಿಗೆ ಹಾಕಿಕೊಂಡು ಬೆನ್ನಿಗೆ ಎತ್ತಿದ, ಇಳಿಯತೊಡಗಿದ, ಮೇಲಿನಿಂದ ಶತ್ರುಗಳು ನೋಡಿದರು, ಮಂಜು ಸರಿದಿತ್ತು ಆ ಕಡೆ, ಒಂದು ಗುಂಡು ಬಲಕ್ಕೆ ಕಲ್ಲಿಗೆ ಬಡಿದು ಚೂರು ನನ್ನ ಕಿವಿಗೆ ಸಿಡಿಯಿತು, ಇನ್ನೊಂದು, ಇನ್ನೂ ಹತ್ತಿರ, ನನ್ನ ಬೆನ್ನು ಪೂರ್ತಿ ಬೆಟ್ಟಕ್ಕೆ ತೆರೆದಿದೆ, ಬೆನ್ನ ಚರ್ಮದಲ್ಲಿ ಒಂದೊಂದು ಕೂದಲೂ ನಿಂತು ಕಾಯುತ್ತಿದೆ, ಆಗ ನಾನು — ಸಾಹೇಬ್ರ, ಹೆಸರು ಕರೀಲಿಕ್ಕತ್ತಾರ, ಏಳ್ರಿ ಅಂತ ಹಣಮಯ್ಯ ಮೊಣಕೈಯಿಂದ ತಿವಿಯುತ್ತಿದ್ದಾನೆ. ಪ್ರಮೋದ ಮೈಕಿನಲ್ಲಿ ನನ್ನ ಹೆಸರಿನ ಹಿಂದೆ ಐದು ಬಿರುದು ಹಚ್ಚುತ್ತಿದ್ದಾನೆ, ಹತ್ತು ಹೆಜ್ಜೆ ಅಷ್ಟೆ ಮೈಕಿನ ತನಕ, ನನ್ನ ಕಾಲು ಕುಂಟತೊಡಗಿತು, ಮನೆಯಲ್ಲಿ ಇಷ್ಟು ಕುಂಟುವುದಿಲ್ಲ, ಸಂತೆಯಲ್ಲಿ ಕುಂಟುವುದಿಲ್ಲ, ಮೈಕಿನ ಕಡೆ ನಡೆಯುವಾಗ ಮಾತ್ರ ಈ ಕಾಲಿಗೆ ಎಲ್ಲಿಲ್ಲದ ನೋವು, ಎಂಥ ಜಾಣ ಕಾಲು. ಜೈ ತೆಲಂಗಾಣ ಅಂದರು, ಅಂದೆ. ಕೇಬಲ್ ಟೀವಿಯವನ ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು.

ಭಾಷಣ ತೆಲುಗಿನಲ್ಲಿ, ಬಾಯಿಪಾಠ, ಹನ್ನೆರಡು ಆಗಸ್ಟ್ ಹದಿನೈದು, ಹನ್ನೆರಡು ಜನವರಿ ಇಪ್ಪತ್ತಾರು, ನಾನು ನಿದ್ದೆಯಲ್ಲಿಯೂ ಹೇಳಬಲ್ಲೆ, ಇವರು ನಿದ್ದೆಯಲ್ಲಿಯೂ ಚಪ್ಪಾಳೆ ತಟ್ಟಬಲ್ಲರು, ಮೊದಲ ಚಪ್ಪಾಳೆ ತಾಯಿನಾಡು ಅಂದಾಗ, ಎರಡನೆಯದು ಕಾಲರ್ ಹಿಡಿದೆ ಅಂದಾಗ, ಹಣಮಯ್ಯ ಆಗಲೇ ಒಂದು ಅಂಗೈಯ ಮೇಲೆ ಇನ್ನೊಂದಿಟ್ಟು ಸಿದ್ಧನಾಗಿದ್ದಾನೆ. ಬೆಳಗಿನ ಜಾವ ಅಂದೆ, ಮಂಜು ಅಂದೆ, ಗುಂಡಿನ ಮಳೆ ಅಂದೆ, ಎಂಥ ಮಳೆ, ಸುಳ್ಳು, ಒಂದೊಂದೇ ಬರುತ್ತವೆ ಗುಂಡು, ಒಂದೊಂದನ್ನೂ ಬೇರೆ ಬೇರೆ ಹೆದರಬೇಕಾಗುತ್ತದೆ, ನನ್ನ ಜತೆಗಾರ ಧಮ್ಮಪಾಲ ಅಂದೆ, ಅವಳು ತಲೆಯೆತ್ತಿದಳು. ನಾಲಿಗೆ ತೆಲುಗನ್ನು ಬಿಟ್ಟಿತು, ನಾನು ಬಿಡಿಸಲಿಲ್ಲ, ತಾನೇ ಬಿಟ್ಟಿತು, ಅಂವ ಓಡಿಲ್ಲ ಅಂದೆ, ಕನ್ನಡದಲ್ಲಿ, ಡೇರೆಯ ಅರ್ಧ ಜನಕ್ಕೆ ತಿಳಿಯಿತು, ಉಳಿದವರು ತಿಳಿದವರ ಮುಖ ನೋಡಿದರು, ಧಮ್ಮಪಾಲ ಓಡಿಲ್ಲ, ಖೇಡದವರು ಕೇಳ್ರಿ, ಅವನ ಬೆನ್ನಿಗಿ ಗುಂಡು ಬಿದ್ದದ್ದು ಓಡಿ ಹೋಗೂವಾಗ ಅಲ್ಲ. ಪ್ರಮೋದ ಚಪ್ಪಾಳೆ ಶುರು ಮಾಡಿದ, ಎಲ್ಲರೂ ತಟ್ಟಿದರು, ಎಂಥ ದೊಡ್ಡ ಮನಸ್ಸು ಇವರದು ಅಂತ ಯಾರೋ ಅಂದದ್ದೂ ಕೇಳಿತು. ಸಾಕಲ್ಲ? ಅವಳು ಕೇಳಿದ್ದು ಇಷ್ಟೇ, ಟೀವಿಯಲ್ಲಿ ಬರುತ್ತದೆ, ಅವನು ಕೇಳುತ್ತಾನೆ, ಗಂಜಿ ಕುಡಿಯುತ್ತಾನೆ, ಎದ್ದು ಕೂರುತ್ತಾನೆ, ನನ್ನ ಇಪ್ಪತ್ತು ಗಜ ನನ್ನ ಹತ್ತಿರವೇ ಉಳಿಯುತ್ತದೆ, ಫ್ಲೆಕ್ಸು ಉಳಿಯುತ್ತದೆ, ಅಪ್ಪನ ಚೌಕಟ್ಟು ಉಳಿಯುತ್ತದೆ, ಇಬ್ಬರಿಗೂ ಸರಿಹೋಯಿತು — ಎಷ್ಟು ಚೆಂದ ಲೆಕ್ಕ ಹಾಕುತ್ತದೆ ಈ ತಲೆ, ಕುಳಿತು ಶರಬತ್ತು ಕುಡಿಯಬಹುದು. ಆಗ ಅವಳು ಎದ್ದು ನಿಂತಳು, ಚಪ್ಪಾಳೆ ತಟ್ಟಲಿಲ್ಲ, ಎರಡೂ ಕೈ ಜೋಡಿಸಿದಳು, ನನಗೆ, ತಲೆ ಬಗ್ಗಿಸಿ. ಮುಂದಿನ ಜನವರಿಗೂ ಬೇಳೆ ಬರುತ್ತದೆ. ಕೈ ಮುಗೀಬ್ಯಾಡ್ರಿ ವೈನಿ ಅಂದೆ, ಮೈಕು ನನ್ನ ಉಸಿರನ್ನೂ ಹಿಡಿದು ಹೆದ್ದಾರಿಗೆ ಹಾಕಿತು, ಕೈ ಇಳಸ್ರಿ, ನಾ ಎಳಕೊಂಡು ಬಂದಿಲ್ಲ, ಅಂವ ನನ್ನ ಹೊತ್ತುಕೊಂಡು ಬಂದಾನ, ನಾ ಕಾಲರ್ ಹಿಡಿದದ್ದು —

ಕಾಲರ್ ಅಂದೆನಲ್ಲ, ಹಣಮಯ್ಯನ ಕೈ ತಟ್ಟಿಬಿಟ್ಟವು, ಅವನ ಹಿಂದೆ ಡೇರೆ ಪೂರ್ತಿ, ಕಾಲರ್ ಬಂತು, ಚಪ್ಪಾಳೆ ಬರಬೇಕು, ಅಷ್ಟೇ ಗೊತ್ತು ಇವರಿಗೆ, ತಟ್ಟುತ್ತಿದ್ದಾರೆ ತಟ್ಟುತ್ತಿದ್ದಾರೆ, ನಿಲ್ಲಸ್ರಿ ಅಂತ ಒದರಿದೆ, ನಿಲ್ಲಿಸಿದರು, ಪ್ರಮೋದ ಹತ್ತಿರ ಬಂದು, ಅಣ್ಣಾ ಬಿಸಿಲು ಹತ್ಯದ ನಿಮಗ, ಕುಂಡರ್ರಿ ಅಂತ ಮೈಕಿಗೆ ಕೈ ಹಾಕಿದ, ನಾನು ಬಿಡಲಿಲ್ಲ, ಬೆರಳು ಹಿಡಿದುಕೊಂಡರೆ ಬಿಡುವ ಬೆರಳಲ್ಲ ಇವು. ಮೊದಲ ಬೆನ್ನ ಮ್ಯಾಲ ಹೊತ್ತಿದ್ದ ಅಂದೆ, ಅವಳಿಗೆ, ಬೇರೆ ಯಾರಿಗೂ ಅಲ್ಲ, ನೀವಂದ್ರಲ್ಲ ವೈನಿ, ಬೆನ್ನಿಗೇ ಹೊರೂದು ಅಂತ, ಹಂಗೇ ಹೊತ್ತಿದ್ದ, ಗುಂಡು ಬರಾಕತ್ತವು, ನಾ ಒದರಿದೆ, ನನ್ನ ಬೆನ್ನು, ನನ್ನ ಬೆನ್ನಿಗಿ ಬೀಳ್ತಾವಲೇ, ನನ್ನ ಬೆನ್ನು ಅಂತ ನಾನೇ ಒದರಿದೆ. ಅವಳ ಕೈ ನಿಧಾನ ಕೆಳಗಿಳಿದವು. ಅಷ್ಟು ದೂರದಿಂದಲೂ ಅವಳ ಮುಖ ಕಂಡಿತು, ಅದರಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ, ಗಂಡ ಓಡಿರಲಿಲ್ಲ ಅಂತ ಗೊತ್ತಾದ ಹೆಂಗಸಿನ ಮುಖ, ಅವಳು ನನ್ನನ್ನು ನೋಡುವುದನ್ನೇ ಬಿಟ್ಟಿದ್ದಳು, ಚಪ್ಪಲಿ ಮೆಟ್ಟುತ್ತಿದ್ದಳು, ಮನೆಗೆ ಹೋಗಬೇಕಲ್ಲ, ಗಂಜಿ ಕಾಸಬೇಕಲ್ಲ. ನಾನಿನ್ನೂ ಹೇಳಿ ಮುಗಿಸಿಲ್ಲ, ಆಮ್ಯಾಲ ಅಂವ ನಿಂತ ಅಂದೆ, ನಿಂತು ನನ್ನನ್ನ ಇಳಸಿದ, ಮುಂದಿನದು ಬಾಯಿಗೆ ಬರುತ್ತಿಲ್ಲ, ಕಣ್ಣಿಗೆ ಬರುತ್ತಿದೆ — ಇಳಿಸಿದ, ನನ್ನ ಕಡೆ ತಿರುಗಿದ, ನನ್ನ ಮುಖ ನೋಡಲಿಲ್ಲ, ನನ್ನ ತಲೆಯ ಮೇಲಿನಿಂದ ಬೆಟ್ಟವನ್ನು ನೋಡಿದ, ಎಲ್ಲಿಂದ ಬರುತ್ತಿವೆ ಅಂತ ಸರಿಯಾಗಿ ನೋಡಿಕೊಂಡ, ನೋಡಿಕೊಂಡು ಎತ್ತಿ ಎದೆಗೆ ಅವಚಿದ, ಬೆನ್ನನ್ನು ಆ ಕಡೆಗೆ ಕೊಟ್ಟು ನಡೆದ, ಇಳಸಿದ ಅಂದೆ ಮೈಕಿನಲ್ಲಿ, ಮತ್ತೆ ಇಳಸಿದ ಅಂದೆ, ಯಾರೋ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಾರೆ, ಇಳಿಸಿದ, ತಿರುಗಿದ, ಬೆಟ್ಟವನ್ನು ನೋಡಿದ, ಎತ್ತಿಕೊಂಡ, ಇಳಿಸಿದ, ತಿರುಗಿದ, ಬೆಟ್ಟವನ್ನು ನೋಡಿದ